ಹತ್ತನೆಯ ಕೊಳವೆ

ಅರಕೆರೆಯ ದೊಡ್ಡತಾಯಮ್ಮ ಎತ್ತಿಕೊಂಡು ಬಂದಿದ್ದ ಮೊಮ್ಮಗು ಮಧ್ಯಾಹ್ನ ಎರಡೂ ಹತ್ತಕ್ಕೆ ತೀರಿಕೊಂಡಿತು. ಮಕ್ಕಳ ವೈದ್ಯಕೀಯದಲ್ಲಿ ಎಂ.ಡಿ. ಓದುತ್ತಿರುವ ನಾನು ಅದರ ಎದೆಯ ಮೇಲಿಂದ ಕೈ ತೆಗೆದೆ. ಪರದೆಯ ಆಚೆ ಕೂತಿದ್ದ ಅಜ್ಜಿಗೆ ಹೇಳಬೇಕಿತ್ತು.

ಸೀನಿಯರ್ ಶ್ರೀಕರ ತಡೆದ. "ಪ್ರಜ್ಞ, ನಿನ್ನ ಲಾಗ್‌ಬುಕ್ಕಲ್ಲಿ ಟ್ಯೂಬ್ ಹಾಕಿದ್ದು ಎಷ್ಟಾಗಿದೆ?"

"ಒಂಬತ್ತು."

ಉಸಿರಿನ ಕೊಳವೆ ಹಾಕಿದ್ದು ಹತ್ತಾಗದೆ ನಮ್ಮ ಕಾಲೇಜಿನಲ್ಲಿ ಪರೀಕ್ಷೆಗೆ ಕೂರಿಸುವುದಿಲ್ಲ. ಅವನು ತಾನು ಹಾಕಿದ್ದ ಕೊಳವೆಯನ್ನು ಮಗುವಿನ ಗಂಟಲಿನಿಂದ ಎಳೆದು ನನ್ನ ಕೈಗಿಟ್ಟ. "ಹಾಕು. ಇನ್ನು ನೋವೇನೂ ಆಗಲ್ಲ. ಆಮೇಲೆ ಹೇಳಿದ್ರಾಯ್ತು."

ಬೇಡ ಎನ್ನಲಿಲ್ಲ ನಾನು. ಮಗುವಿನ ಬಾಯಿ ತೆರೆದು ಕೊಳವೆಯನ್ನು ಮತ್ತೆ ಒಳಗಿಳಿಸಿದೆ.

ಆಚೆ ಅಜ್ಜಿ ಫೋನಿನಲ್ಲಿ ಮಗನಿಗೆ ಹೇಳುತ್ತಿದ್ದಳು: "ಅಳ್ಬೇಡ ಕಣ್ಲಾ ರವೀಂದ್ರ, ಬಸ್ಸತ್ತಿ ಬಾ. ಡಾಕ್ಟ್ರಮ್ಮ ಇನ್ನೂ ನೋಡ್ತಾವ್ರೆ. ಜೀವ ಇಲ್ದಿದ್ರೆ ಯಾಕ್ಲಾ ನೋಡ್ತಿದ್ರು?"

ಹತ್ತು ನಿಮಿಷ ಕಳೆದು ನಾನು ವಿಷಯ ಹೇಳಿದಾಗ ಆಕೆ ಕಿರುಚಲಿಲ್ಲ. ನನ್ನ ಎರಡೂ ಕೈಗಳನ್ನು ಹಿಡಿದು ಕಣ್ಣಿಗೊತ್ತಿಕೊಂಡಳು. "ಕೊನೇಗಂಟ ಕೈ ಬುಡ್ಲಿಲ್ವಲ್ಲ ಕಣವ್ವ ನೀನು."

ಸಂಜೆ ಲಾಗ್‌ಬುಕ್ಕಿನ ಹತ್ತನೆಯ ಸಾಲು ತುಂಬಿದೆ. ಫಲಿತಾಂಶದ ಕಾಲಮ್ಮಿನಲ್ಲಿ, ಮೇಲಿನ ಒಂಬತ್ತರಲ್ಲಿ ಬರೆದಿದ್ದಂತೆಯೇ, 'ಯಶಸ್ವಿ' ಎಂದು ಬರೆದೆ.