ಹಂಡೆ ಇದ್ದ ಜಾಗದಲ್ಲಿ

"ಬೆಂಕೀನೇ ಇಲ್ವಲ್ಲ, ಇದು ನೀರು ಹೇಗೆ ಕಾಯಿಸತ್ತೆ?"

ಮೈಸೂರಿನ ಆ ಹಳೆಯ ಮನೆಯ ಬಚ್ಚಲಲ್ಲಿ ಭಾಗೀರಥಮ್ಮ ಹೀಗೆ ಕೇಳಿದಾಗ ಅಲ್ಲಿ ಯಾರೂ ಇರಲಿಲ್ಲ. ನಾನಿದ್ದೆ, ನನ್ನನ್ನು ಅವರು ಲೆಕ್ಕಕ್ಕೆ ಹಿಡಿದಿರಲಿಲ್ಲ. ಉತ್ತರವೇನೋ ನನಗೆ ಗೊತ್ತಿತ್ತು. ನಾನೊಂದು ಹೀಟ್ ಪಂಪು. ಬೆಂಕಿ ಹಚ್ಚುವುದಿಲ್ಲ. ಸುತ್ತಲಿನ ಗಾಳಿಯಲ್ಲಿ ಅಡಗಿರುವ ಬಿಸಿಯನ್ನು ಹೀರಿ ಪಕ್ಕದ ಟ್ಯಾಂಕಿನ ನೀರಿಗೆ ಕೊಡುತ್ತೇನೆ. ತಣ್ಣಗಾದ ಗಾಳಿಯನ್ನು ಹೊರಗೆ ಬಿಡುತ್ತೇನೆ. ಅಷ್ಟೇ ನನ್ನ ವಿದ್ಯೆ.

ಹುಟ್ಟಿದ್ದು ಕಾರ್ಖಾನೆಯ ಉದ್ದನೆಯ ಮೇಜಿನ ಮೇಲೆ. ತಾಮ್ರದ ಕೊಳವೆಗಳನ್ನು ಬಾಗಿಸಿ ಹೊಟ್ಟೆಯೊಳಗೆ ಕರುಳಿನಂತೆ ಸುತ್ತಿದರು. ಕೊನೆಗೆ ಉಸಿರು ತುಂಬಿದರು. ಆ ಉಸಿರಿನ ಹೆಸರು ಆರ್-೨೯೦, ಅಡುಗೆ ಗ್ಯಾಸಿನ ಹತ್ತಿರದ ನೆಂಟ. ಬೇರೆ ಎಷ್ಟೋ ಗ್ಯಾಸುಗಳು ಸೋರಿದರೆ ಭೂಮಿಯ ಬಿಸಿ ಹೆಚ್ಚುತ್ತದೆ, ಇದರಿಂದ ಆ ಕೇಡು ತೀರ ಕಡಿಮೆ ಎಂದು ಅಲ್ಲಿನ ಹೆಂಗಸೊಬ್ಬಳು ಹೊಸಬರಿಗೆ ಹೇಳಿಕೊಡುತ್ತಿದ್ದಳು. "ಆದ್ರೆ ಕಿಡಿ ಕಂಡ್ರೆ ಇದು ಸುಮ್ನಿರಲ್ಲ" ಎಂದು ನನ್ನ ಪಕ್ಕೆಗೆ ಬೆಂಕಿಯ ಚಿತ್ರದ ಚೀಟಿ ಅಂಟಿಸಿದಳು.

ಆ ಚೀಟಿಯಿಂದಲೇ ಎಡವಟ್ಟಾಯಿತು. ಭಾಗೀರಥಮ್ಮನ ಮಗ ಶ್ರೀಕಂಠ ನನ್ನನ್ನು ಹಿತ್ತಲಲ್ಲಿ ಇಡಿಸಲು ಹೊರಟಿದ್ದ. ಅವರು ಚೀಟಿ ನೋಡಿದರು. "ಬೆಂಕಿ ಗುರುತು ಹಾಕಿದಾರೆ ನೋಡೋ. ಅಗ್ನಿ ಅಂದ್ಮೇಲೆ ಆಗ್ನೇಯದಲ್ಲೇ ಇರ್ಬೇಕು."

ಆಗ್ನೇಯದಲ್ಲಿದ್ದದ್ದು ಹಂಡೆ ಇದ್ದ ಬಚ್ಚಲು. ಒಂದೇ ಬಾಗಿಲು, ಅಂಗೈಯಗಲದ ಕಿಟಕಿ, ಗೋಡೆಯ ಗೂಡಿನಲ್ಲಿ ಸಂಜೆಗೊಂದು ದೀಪ. ಕೂರಿಸಲು ಬಂದವನಿಗೆ ಇದು ತಪ್ಪೆಂದು ಗೊತ್ತಿತ್ತು. "ನಿಮ್ಮಿಷ್ಟ" ಎಂದು ಗೋಡೆಗೆ ಒತ್ತಿ ಕೂರಿಸಿ ಹೋದ. ನನ್ನ ನಡುಕ ತಡೆಯಲು ಕಾಲ ಕೆಳಗೆ ರಬ್ಬರನ್ನೂ ಇಡಲಿಲ್ಲ.

ನನಗಾದರೋ ಆ ಜಾಗ ಬಲು ಹಿಡಿಸಿತು. ಬೆಳಗಾದರೆ ಭಾಗೀರಥಮ್ಮ ನನ್ನೆದುರು ಮಣೆ ಹಾಕಿ ಕೂತು, ಬಾಯಿಪಾಠವಾಗಿದ್ದ ಹಳಗಾಲದ ಕಾವ್ಯವನ್ನು ರಾಗವಾಗಿ ಹೇಳುತ್ತಿದ್ದರು. ಅವರಿಗೆ ಗಡಿಯಾರ ಬೇಡ. ಹಂಡೆಯ ಕಾಲದಲ್ಲಿ ಕಾವ್ಯದ ಒಂದು ಸಂಧಿ ಮುಗಿಯುವಷ್ಟರಲ್ಲಿ ನೀರು ಕಾಯುತ್ತಿತ್ತಂತೆ. ನನಗೆ ಎರಡು ಸಂಧಿ ಬೇಕಾಯಿತು. "ಸೋಮಾರಿ" ಎಂದರು, ಎರಡನೆಯದನ್ನು ಶುರುಮಾಡಿದರು. ನಾನು ಫ್ಯಾನಿನ ಸದ್ದನ್ನೇ ಶ್ರುತಿ ಮಾಡಿಕೊಂಡು ಕೇಳಿದೆ. ಮುಂದೇನಾಯಿತು, ರಾಜ ಬದುಕಿದನೇ? ಇದೇ ಕುತೂಹಲ ಇಡೀ ದಿನ.

ಆದರೆ ಮುಚ್ಚಿದ ಕೋಣೆ. ನಾನೇ ಬಿಟ್ಟ ತಣ್ಣನೆಯ ಗಾಳಿಯನ್ನು ಮತ್ತೆ ಉಸಿರಾಡಿ ದಣಿದೆ. ಎರಡು ಸಂಧಿ ಮೂರಾಯಿತು. ಗೋಡೆಗೆ ತಿಕ್ಕಿ ತಿಕ್ಕಿ ಕೊಳವೆ ಸವೆದು ಉಸಿರು ಸಣ್ಣಗೆ ಸೋರತೊಡಗಿತು. ನಾಲ್ಕು ಸಂಧಿ ಮುಗಿದರೂ ನೀರು ಉಗುರುಬೆಚ್ಚಗೆ. ಅದೇ ವಾರ ಶ್ರೀಕಂಠನ ಮಗಳು ವೈಜಯಂತಿ ಹಸುಗೂಸಿನೊಡನೆ ಬಾಣಂತನಕ್ಕೆ ಬಂದಳು. ಬಾಣಂತಿಗೆ ಬಿಂದಿಗೆಗಟ್ಟಲೆ ಬಿಸಿನೀರು ಬೇಡವೇ?

ಮೆಕ್ಯಾನಿಕ್ ಫಯಾಜ್ ಬಂದ. ಕೊಳವೆಗೆ ಸೋಪಿನ ನೊರೆ ಬಳಿದ, ಗುಳ್ಳೆ ಎದ್ದಿತು. ತಲೆಯೆತ್ತಿ ದೀಪದ ಗೂಡು ನೋಡಿದವನು ಬಾಗಿಲನ್ನು ಅಗಲಕ್ಕೆ ತೆರೆದ.

"ಅಮ್ಮಾ, ದೀಪ ದಿನಾ ಹಚ್ತೀರಾ ಇಲ್ಲಿ?"

"ಮತ್ತೆ? ನಮ್ಮತ್ತೆ ಕಾಲದಿಂದ."

"ದೇವರು ದೊಡ್ಡೋನು. ಇದರೊಳಗಿರೋದು ಬೆಂಕಿ ಅಲ್ಲಮ್ಮ, ಬೆಂಕಿ ಹತ್ಕೊಳ್ಳೋ ಗ್ಯಾಸು. ಆ ಚಿತ್ರ ಹಾಕಿರೋದು ಬೆಂಕಿಯಿಂದ ದೂರ ಇಡಿ ಅಂತ."

ಭಾಗೀರಥಮ್ಮ ಗೂಡಿನ ದೀಪವನ್ನು ಗಬಕ್ಕನೆ ತೆಗೆದು ಸೆರಗಿನಲ್ಲಿ ಸುತ್ತಿಕೊಂಡರು. ಶ್ರೀಕಂಠನಿಗೆ ಅವಸರ. "ಹಾಗಾದ್ರೆ ಹತ್ಕೊಳ್ಳದೇ ಇರೋ ಗ್ಯಾಸು ಯಾವ್ದಾದ್ರೂ ತುಂಬಿಬಿಡಪ್ಪ. ನೀರು ಕಾದ್ರೆ ಸಾಕು."

"ಬಾಣಂತಿಗೆ ಲೇಹ್ಯದ ಬದಲು ಉಪ್ಪಿನಕಾಯಿ ಕೊಡ್ತೀರಾ ಸಾರ್? ಇದರ ಮೈಗೆ ಇದೇ ಗ್ಯಾಸು."

ಅಷ್ಟು ಭಯದಲ್ಲೂ ಭಾಗೀರಥಮ್ಮ ನಕ್ಕರು.

ಟ್ಯಾಂಕು ಬಚ್ಚಲಲ್ಲೇ ಉಳಿಯಿತು. ನನ್ನನ್ನು ಹಿತ್ತಲಿಗೆ ಹೊತ್ತು, ಗೋಡೆಯಿಂದ ಮೊಳ ದೂರ, ರಬ್ಬರಿನ ಮೇಲೆ ಕೂರಿಸಿದರು. ಉಳಿದಿದ್ದ ಗ್ಯಾಸನ್ನೆಲ್ಲ ಬಯಲಿಗೆ ಬಿಟ್ಟ ಮೇಲೆ ಫಯಾಜ್ ಕೊಳವೆಗೆ ಬೆಸುಗೆ ಹಾಕಿದ. ಒಳಗಿನ ಗಾಳಿ, ತೇವವನ್ನೆಲ್ಲ ಪಂಪಿನಿಂದ ಎಳೆದು ತೆಗೆದ. "ಈಗ ಮೀಟರಿನ ಮುಳ್ಳು ಅರ್ಧ ಗಂಟೆ ಅಲ್ಲಾಡ್ಬಾರ್ದು" ಎಂದ. ಭಾಗೀರಥಮ್ಮ ಅಲ್ಲೇ ನಿಂತು ಒಂದು ಸಂಧಿ ಹೇಳಿದರು. ಮುಳ್ಳು ಅಲ್ಲಾಡಲಿಲ್ಲ. ಆಮೇಲೆ ತಕ್ಕಡಿಯಲ್ಲಿ ತೂಗಿ, ಚೀಟಿಯಲ್ಲಿ ಬರೆದಷ್ಟೇ ಗ್ಯಾಸು ತುಂಬಿದ. ಮರುದಿನ ಬಚ್ಚಲಿಂದ ಹಬೆಯೂ ಕೂಸಿನ ಅಳುವೂ ಒಟ್ಟಿಗೆ ಹೊರಬಂದವು.

ಆ ಕೂಸು ಈಗ ಹೈಸ್ಕೂಲಿನಲ್ಲಿದೆ. ನನ್ನ ಫ್ಯಾನು ಕೆಮ್ಮುತ್ತದೆ, ಮೈಗೆ ತುಕ್ಕು ಹತ್ತಿದೆ. ಆದರೂ ಎರಡು ಸಂಧಿಯೊಳಗೆ ನೀರು ಕಾಯಿಸುತ್ತೇನೆ. ಭಾಗೀರಥಮ್ಮ ಈಗಲೂ ಬಚ್ಚಲಲ್ಲೇ ಕೂತು ಕಾವ್ಯ ಹೇಳುತ್ತಾರೆ. ಮಾತನ್ನೆಲ್ಲ ಗೋಡೆ ಇಟ್ಟುಕೊಂಡು ರಾಗವನ್ನಷ್ಟೇ ನನಗೆ ಬಿಡುತ್ತದೆ. ಆ ರಾಜನ ಗತಿ ಏನಾಯಿತೋ ನನಗೆ ಇಂದಿಗೂ ತಿಳಿಯದು. ಸರಿಯಾದ ಜಾಗ ಸಿಕ್ಕ ದಿನವೇ ಪ್ರೀತಿಯ ಜಾಗ ತಪ್ಪಿತಲ್ಲ, ಇದಕ್ಕೆ ಏನೆನ್ನಲಿ?

ಮೊನ್ನೆ ಸರ್ವೀಸಿಗೆ ಫಯಾಜ್ ಬಂದಿದ್ದ. ಅವನ ಗಡ್ಡವೂ ನೆರೆತಿದೆ. ಕೋಲೂರಿಕೊಂಡು ಹಿತ್ತಲಿಗೆ ಬಂದ ಭಾಗೀರಥಮ್ಮ ನನ್ನ ನೆತ್ತಿಯ ಮೇಲೆ ಕೈಯಿಟ್ಟರು.

"ದೀಪ ಎಂದೋ ದೇವರ ಮನೆಗೆ ಹೋಯ್ತಲ್ಲಪ್ಪ. ನನಗೂ ವಯಸ್ಸಾಯ್ತು, ಇದಕ್ಕೂ ಆಯ್ತು. ಎದುರಿಗಿದ್ರೆ ಕಾವ್ಯ ಹೇಳೋಕೆ ಒಂದು ಜೊತೆ. ಒಳಗೇ ಇಟ್ಬಿಡು."

ನನ್ನ ಫ್ಯಾನು ಒಂದು ಕ್ಷಣ ತಡೆದು ತಿರುಗಿತು.

ಫಯಾಜ್ ಸ್ಪ್ಯಾನರ್ ಒರೆಸಿ ಚೀಲಕ್ಕೆ ಹಾಕಿದ.

"ಅದೊಂದು ಕೇಳ್ಬೇಡಿ ಅಮ್ಮ. ದೀಪ ಹೋದ್ರೂ ಮುಚ್ಚಿದ ಕೋಣೇಲಿ ಸ್ವಿಚ್ಚಿನ ಕಿಡಿ ಸಾಕು. ಒಳಗೆ ಇಡಲ್ಲ."