ಹೊರಕ್ಕೆ ತೆರೆಯುವ ಗೇಟು

ಗೇಟಿನ ಕಂಬಿಗಳ ನಡುವೆ ತೂರಿಬಂದಿದ್ದ ಹತ್ತಾರು ಕೈಗಳಲ್ಲಿ ತನ್ನ ತಾಯಿಯದು ಯಾವುದೆಂದು ತುಮಿನಿಗೆ ನೋಡಿದೊಡನೆ ತಿಳಿಯಿತು. ಕಡಲೆಕಾಯಿ ಚಟ್ನಿ ಅರೆದು ಅರೆದು ಸವೆದ ಹೆಬ್ಬೆರಳು; ಮುಷ್ಟಿಯಲ್ಲಿ ಅಕ್ಕಿಯ ಹಳದಿ ಚೀಟಿ.

"ಅಮ್ಮಾ, ಹಿತ್ತಲ ಬಾಗಿಲಿಗೆ ಬಾ ಅಂದಿದ್ನಲ್ಲ!"

"ಅಡುಗೆಯವಳ ತಾಯಿ ಕದ್ದು ನುಗ್ಗಿದ್ಲು ಅನ್ನಿಸ್ಕೊಳ್ಳಕ್ಕಾ? ಬೆಳಕು ಹರಿಯೋ ಮುಂಚೇನೇ ಬಂದು ಮೊದಲ ಜಾಗ ಹಿಡಿದೋಳು ಕಣೇ ನಾನು." ಮುದುಕಿ ವಾರ್ಸಿ ನಗಲು ಹೊರಟಳು. ಹಿಂದಿನಿಂದ ಜನ ಒತ್ತಿದರು. ನಗೆ ಅರ್ಧಕ್ಕೇ ನಿಂತಿತು.

ತುಮಿನಿ ನೀರಿನ ಲೋಟ ಚಾಚಿದಳು. ವಾರ್ಸಿ ತುಟಿ ಬಿಗಿದು ಮುಖ ತಿರುಗಿಸಿದಳು. "ಉಪವಾಸ. ಸೂರ್ಯ ಮುಳುಗ್ಲಿ."

ಜಗುಲಿಯ ಮೇಲೆ, ಮಸೀದಿಯ ಜಕಾತ್ ದಾನದ ಸಮಿತಿಯ ಫದೋಲಿಯವರು ಮನೆಯ ಯಜಮಾನರೆದುರು ಕೈಮುಗಿಯುವುದೊಂದು ಬಾಕಿ.

"ಹಾಜಿಯವರೇ, ಅಕ್ಕಿ ಮನೆಮನೆಗೆ ಬರುತ್ತೆ ಅಂತ ಮೈಕಿನಲ್ಲಿ ಹೇಳಿಬಿಡಿ, ಜನ ಚದುರ್ತಾರೆ. ಹೋದ ವರ್ಷ ನಾವು ಹೊಲಿಗೆ ಯಂತ್ರ ಕೊಟ್ಟ ಹೆಂಗಸು ಈ ವರ್ಷ ತಾನೇ ಜಕಾತ್ ತಂದುಕೊಟ್ಟಿದ್ದಾಳೆ. ನಿಮ್ಮ ಗೇಟಿನಲ್ಲಿ ಮಾತ್ರ ಇಪ್ಪತ್ತು ವರ್ಷದಿಂದ ಅದೇ ಮುಖಗಳು."

ಹಾಜಿ ಮಶ್ಹೂದಿ ಹೊಸ ಸರೋಂಗ್ ಲುಂಗಿಯ ನೆರಿಗೆ ನೇವರಿಸಿಕೊಂಡರು. "ನಮ್ಮಪ್ಪ ಕೈಯಾರೆ ಕೊಟ್ರು. ನಾನೂ ಕೈಯಾರೆ ಕೊಡೋನೇ. ಗೇಟು ತೆಗೀರೋ!"

"ಬೇಡ, ಯಜಮಾನ್ರೇ!" ತುಮಿನಿ ಓಡಿಬಂದಳು. "ಅದು ಹೊರಕ್ಕೆ ತೆರೆಯೋ ಗೇಟು. ಮುಂದಿರೋರು ಎಲ್ಲಿಗೆ ಸರೀಬೇಕು? ನಮ್ಮಮ್ಮ ಅಲ್ಲೇ ಇದ್ದಾಳೆ!"

"ಒಲೆ ಮೇಲಿನ ಸಾರು ನೋಡ್ಕೋ, ಹೋಗು."

ಕಾವಲುಗಾರರಿಬ್ಬರು ಅಗುಳಿ ಎಳೆದರು. ಕಬ್ಬಿಣದ ಆ ಸದ್ದು ಬೀದಿಯ ಕೊನೆಯವರೆಗೂ ಕೇಳಿಸಿತು. ಗೇಟು ತೆರೆಯಿತೆಂದೇ ತಿಳಿದ ಸಾಲಿನ ತುದಿ ಒಮ್ಮೆಲೇ ಮುನ್ನುಗ್ಗಿತು. ಗೇಟು ಒಂದಂಗುಲ ಹೊರಕ್ಕೆ ಹೋಗಿ, ಮತ್ತೆ ಒಳಕ್ಕೆ ಬಂದು, ಬಿಗಿದು ನಿಂತಿತು.

ಮೊದಲು ಕೂಗುಗಳಿದ್ದವು. ಬಳಿಕ ಗೇಟಿನ ಬಳಿಯ ಕೂಗು ಮಾತ್ರ ಇಲ್ಲವಾಯಿತು.

ಫದೋಲಿ ಮೈಕು ಕಸಿದುಕೊಂಡು ಅರಚಿದರು: "ಮನೆಗೆ ಹೋಗಿ! ಅಕ್ಕಿ ಮನೆಗೇ ಬರುತ್ತೆ!" ಬೀದಿ ಹಿಂದಿನಿಂದ ಸಡಿಲವಾಗುತ್ತ ಬಂತು. ಕೊನೆಗೆ ಗೇಟು ತಾನಾಗಿಯೇ, ಯಾರೂ ತಳ್ಳದೆ, ಹೊರಕ್ಕೆ ತೆರೆದುಕೊಂಡಿತು.

ತುಮಿನಿ ತಾಯಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಲೋಟವನ್ನು ತುಟಿಗೆ ಹಿಡಿದಳು. ನೆತ್ತಿಯ ಮೇಲಿನ ಸೂರ್ಯ ಇನ್ನೂ ಇಳಿದಿರಲಿಲ್ಲ. ಈ ಸಲ ವಾರ್ಸಿ ತುಟಿ ಬಿಗಿಯಲಿಲ್ಲ, ಮುಖ ತಿರುಗಿಸಲಿಲ್ಲ. ನೀರು ಗಲ್ಲದಿಂದಿಳಿದು, ಮುಷ್ಟಿಯಲ್ಲಿದ್ದ ಹಳದಿ ಚೀಟಿಯನ್ನು ಮೆಲ್ಲಗೆ ತೋಯಿಸಿತು.