ನೀಲಿ ಬಣ್ಣ ಕುಡಿದ ಬೆಳಕು

ಈಸ್ಟರ್ ಹತ್ತಿರ ಬಂತೆಂದರೆ ಆ ಊರಿನಲ್ಲಿ ಸುಣ್ಣ ಕಾಣದ ವಸ್ತು ಉಳಿಯುವುದಿಲ್ಲ. ಗೋಡೆ, ಮೆಟ್ಟಿಲು, ಅಂಗಳದ ಕಲ್ಲುಗಳ ಸಂದು, ನಿಂಬೆಗಿಡದ ಬುಡ, ಎಲ್ಲಕ್ಕೂ ಬಿಳಿ. ಬಾಗಿಲು ಕಿಟಕಿಗೆ ನೀಲಿ. ಪಾದ್ರಿ ಅರ್ಗಿರಿಸರ ಹೆಂಡತಿ ಕಲಿರೋಯಿಗೆ ಈ ವರ್ಷ ಅರ್ಧ ಡಬ್ಬ ನೀಲಿ ಮಿಕ್ಕಿತ್ತು. ದೇವರು ಕೊಟ್ಟದ್ದನ್ನು ಒಣಗಲು ಬಿಡಬಾರದೆಂದು ಮನೆಯ ಹಳೇ ಪಿಕಪ್ ಗಾಡಿಗೂ ಬಳಿದಳು. ಹೊರಗಷ್ಟೇ ಬಳಿದು ಒಳಗೆ ತುಕ್ಕು ಬಿಟ್ಟರೆ ಅದೆಂಥ ಹಬ್ಬದ ಶುದ್ಧಿ? ಬಾನೆಟ್ಟು ಎತ್ತಿ, ಕೈಗೆ ಸಿಕ್ಕಷ್ಟು ಕಡೆ ಒಳಗೂ ಕುಂಚ ಆಡಿಸಿದಳು.

ಅದಾಗಿ ಹತ್ತು ದಿನ ಗಾಡಿ ಹಗಲಲ್ಲೇ ಓಡಿತು. ಶುಭ ಶುಕ್ರವಾರದ ಸಂಜೆ ಪಾದ್ರಿಗಳು ಕಣಿವೆಯಿಂದ ಬರುವಾಗ ಹೆಡ್‌ಲೈಟು ಹಾಕಿದರೆ, ಎರಡೂ ದೀಪ ಎಣ್ಣೆ ತೀರಿದ ಹಣತೆಯ ಹಾಗೆ ಮಿಣಮಿಣ ಎಂದವು. ತಿರುವಿನಲ್ಲಿ ಮೇಕೆಯೊಂದು ಬಂಪರಿಗೆ ಮೂತಿ ತಾಗಿಸುವವರೆಗೂ ಕಣ್ಣಿಗೆ ಬೀಳಲಿಲ್ಲ.

ಮರುದಿನ ಶನಿವಾರ. ಸಂಜೆಗೆ ಅವರು ಬೆಟ್ಟದ ಮೇಲಿನ ಪೆತ್ರಾನಕ್ಕೆ ಹೋಗಬೇಕು. ಅಲ್ಲಿರುವುದು ಕುರಿ ಸಾಕುವ ಹನ್ನೊಂದು ಮನೆ. ಹಾಲು ಕರೆಯುವ ಕಾಲ, ಹಿಂಡು ಬಿಟ್ಟು ಯಾರೂ ಇಳಿದು ಬರುವಂತಿಲ್ಲ. ಅವರಿಗೆ ಪುನರುತ್ಥಾನದ ಜ್ಯೋತಿ ಹಂಚಿ, ಕತ್ತಲಲ್ಲೇ ಇಳಿದು, ನಡುರಾತ್ರಿಗೆ ಇಲ್ಲಿಯ ಪೂಜೆಗೆ ನಿಲ್ಲಬೇಕು. ದಾರಿಯಲ್ಲಿ ಇಪ್ಪತ್ತಮೂರು ತಿರುವು. ತಡೆಗೋಡೆ ಎಲ್ಲೂ ಇಲ್ಲ.

"ಈ ದೀಪ ನಂಬ್ಕೊಂಡು ಹೋಗ್ಬೇಡಿ" ಎಂದಳು ಕಲಿರೋಯಿ.

"ಜ್ಯೋತಿ ಬರ್ದೆ ಅವ್ರಿಗೆ ಹಬ್ಬ ಎಲ್ಲಿಂದ ಬರುತ್ತೆ? ದೀಪ ಹೇಗಿದ್ರೂ ನಾನು ಹೋಗೋನೇ."

ಗಂಡನ ಹಟ ಅವಳಿಗೆ ಗೊತ್ತು. ಒಲೆಯ ಮೇಲಿನ ಹಬ್ಬದ ಸಾರು ಇಳಿಸಿ, ನೇರ ಸ್ಟ್ರಾಟಿಸನ ಮನೆಗೆ ನಡೆದಳು. ಮೂವತ್ತು ವರ್ಷ ಬಸ್ಸು ಓಡಿಸಿ, ತನ್ನ ಬಸ್ಸನ್ನು ತಾನೇ ರಿಪೇರಿ ಮಾಡಿಕೊಂಡವನು ಅವನು. ಚರ್ಚಿನ ಹೊಸಿಲು ತುಳಿದದ್ದು ತನ್ನ ಮದುವೆಯ ದಿನ ಮಾತ್ರ.

"ಏನ್ ಗುರುಗಳೇ, ಊರಿಗೆಲ್ಲ ಬೆಳಕು ಹಂಚೋರು ನೀವು. ನಿಮ್ ಗಾಡೀಗೇ ಕತ್ತಲೆಯಾ?" ಎನ್ನುತ್ತ ಅವನು ಅವಳ ಹಿಂದೆಯೇ ಪಾದ್ರಿಗಳ ಅಂಗಳಕ್ಕೆ ಬಂದ.

"ನಿನ್ನಂಥೋರು ಚರ್ಚಿಗೆ ಬರ್ದಿದ್ರೆ ಹಿಂಗೇ ಆಗೋದು. ನೋಡು ಬಾ."

ಸ್ಟ್ರಾಟಿಸ ಹೊಸ ಬಲ್ಬು ಹಾಕಿದ. ಅದೂ ಹಾಗೇ ಹಳದಿ. ಫ್ಯೂಸು ತೆಗೆದು ಉಜ್ಜಿ ನೋಡಿದ, ಸರಿಯಾಗಿತ್ತು. ಹಾರ್ನ್ ಒತ್ತಿದ. ನಿಂಬೆಗಿಡದ ಗುಬ್ಬಿಗಳೆಲ್ಲ ಪುರ್ರೆಂದು ಎದ್ದವು. ಬ್ಯಾಟರಿಯೂ ಗಟ್ಟಿ. ಅಷ್ಟರಲ್ಲಿ ನೆರಳು ಬಾವಿಕಟ್ಟೆ ದಾಟಿತ್ತು. ಕಲಿರೋಯಿ ಮೇಲಂಗಿಯ ತುದಿ ಹಿಂಡುತ್ತ ಮನಸ್ಸಿನಲ್ಲೇ ಮಾತೆ ಮರಿಯಳನ್ನು ನೆನೆಯುತ್ತಿದ್ದಳು.

"ಪಾದ್ರಮ್ಮಾ, ಸುಮ್ನೆ ನಿಂತ್ಕೋಬೇಡಿ. ಒಳಗೆ ಕೂತು ಇಂಡಿಕೇಟರ್ ಹಾಕಿ."

ಅವಳು ಹಾಕಿದಳು. ಇಂಡಿಕೇಟರ್ ಹೊತ್ತಿ ಆರಿದಂತೆಲ್ಲ, ಅದರ ತಾಳಕ್ಕೆ ಹೆಡ್‌ಲೈಟೂ ಕುಗ್ಗಿ ಹಿಗ್ಗಿತು.

"ಸಿಕ್ಕ ಕಳ್ಳ!" ಸ್ಟ್ರಾಟಿಸ ತೊಡೆ ತಟ್ಟಿದ. "ಕರೆಂಟು ಬರೋದೇನೋ ಬರ್ತಿದೆ ಗುರುಗಳೇ. ವಾಪಸ್ ಹೋಗೋಕೆ ದಾರಿ ಇಲ್ಲ. ಅರ್ತ್ ಸಿಗ್ತಿಲ್ಲ."

ಬ್ಯಾಟರಿಯಿಂದ ಒಂದು ತುಂಡು ವೈರು ಎಳೆದು ದೀಪದ ಕಪ್ಪು ವೈರಿಗೆ ಮುಟ್ಟಿಸಿದ. ಎದುರಿನ ಸುಣ್ಣದ ಗೋಡೆ ಬೆಳಗಿತು. ತೆಗೆದ, ಮತ್ತೆ ಮಬ್ಬು. ಕಪ್ಪು ವೈರಿನ ಜಾಡು ಹಿಡಿದು ಅವನ ಬೆರಳು ಮೂಲೆಯ ಸ್ಕ್ರೂವೊಂದರ ಬಳಿ ನಿಂತಿತು. ಎಲ್ಲ ಕಪ್ಪು ವೈರುಗಳೂ ಸೇರಿ ಗಾಡಿಯ ಮೈಗೆ ಕಚ್ಚುವ ಜಾಗ ಅದು. ಸ್ಕ್ರೂ ಬಿಚ್ಚಿದರೆ ಕೆಳಗೆ ದಪ್ಪಗೆ, ಅಂದವಾಗಿ, ಬಾಗಿಲಿನದೇ ನೀಲಿ.

"ಯಾವ ಕತ್ತೆ ಇದು? ಸ್ಕ್ರೂ ಬಿಚ್ಚಿ, ಅಡೀಗೆ ಬಣ್ಣ ಬಳ್ದು, ಮತ್ತೆ ಬಿಗಿದಿದೆಯಲ್ಲಾ! ವೈರು ಬರೀ ಕಬ್ಬಿಣಕ್ಕೆ ತಾಗ್ಬೇಕಪ್ಪಾ."

ಕಲಿರೋಯಿ ಸೀಟಿನಿಂದ ಇಳಿದು ಬಂದು ಆ ನೀಲಿಯನ್ನು ನೋಡಿದಳು. ಒಂದು ಮೂಲೆಯೂ ಕೊಳಕಾಗಿ ಉಳಿಯಬಾರದೆಂದು ಅಡುಗೆಮನೆಯ ಚಾಕುವಿನ ತುದಿಯಿಂದ ಆ ಸ್ಕ್ರೂ ಬಿಚ್ಚಿದವಳು ಅವಳೇ. ನಿನ್ನೆ ಆ ತಿರುವಿನಲ್ಲಿ ಮೇಕೆಯ ಬದಲು ಕಮರಿ ಇದ್ದಿದ್ದರೆ?

ಪಾದ್ರಿಗಳು ಅವಳ ಮುಖ ನೋಡಿದರು. "ನಾನೇ ಕಣಪ್ಪ, ತಿಳೀದೆ" ಎಂದರು.

"ಗುರುಗಳೇ ಸುಳ್ಳು ಹೇಳಿದ್ರೆ, ನಮ್ಮಂಥೋರು ಯಾರ್ ಹತ್ರ ಪಾಪ ಒಪ್ಕೋಬೇಕು? ನಿಮಗೆ ಕುಂಚ ಹಿಡಿಯೋಕೆ ಬರುತ್ತಾ?"

"ಅದು ನಾನು, ಸ್ಟ್ರಾಟಿಸಾ. ನಾನೇ ಬಳಿದದ್ದು" ಎಂದಳು ಕಲಿರೋಯಿ. ಕಣ್ಣು ತುಂಬಿತ್ತು.

ಸ್ಟ್ರಾಟಿಸ ತಲೆ ಕೆರೆದುಕೊಂಡ. "ಕತ್ತೆ ಅಂದಿದ್ದು ವಾಪಸ್ ತಗೊಂಡೆ, ಪಾದ್ರಮ್ಮಾ. ಆದ್ರೂ ಎಂಥಾ ನಯವಾದ ಕೆಲಸ! ನನ್ ಮನೆ ಕಿಟಕೀಗೂ ಸ್ವಲ್ಪ ಬಳೀರಿ."

ಮೂವರೂ ನಕ್ಕರು. ಉಜ್ಜುಕಾಗದ ಅವಳೇ ತಂದಳು. ಬಣ್ಣ ಹೋಗಿ ನಾಣ್ಯದಗಲ ಕಬ್ಬಿಣ ಬೆಳ್ಳಗೆ ಕಾಣುವವರೆಗೂ ಅವಳೇ ತಿಕ್ಕಿದಳು. ಸ್ಟ್ರಾಟಿಸ ಸ್ಕ್ರೂ ಬಿಗಿದು, ತುಕ್ಕು ಹಿಡಿಯದಂತೆ ಮೇಲೆ ಚೂರು ಗ್ರೀಸು ಸವರಿದ. ದೀಪ ಹಾಕಿದರೆ ನಿಂಬೆಯ ಒಂದೊಂದು ಎಲೆಯೂ ಗೋಡೆಯ ಮೇಲೆ ನೆರಳಾಗಿ ಮೂಡಿತು. ಕಲಿರೋಯಿ ಶಿಲುಬೆ ಗುರುತು ಮಾಡಿಕೊಂಡು, ಅವನ ಜೇಬಿಗೆ ಹಬ್ಬಕ್ಕೆಂದು ಬೇಯಿಸಿ ಬಣ್ಣ ಹಾಕಿದ ಎರಡು ಕೆಂಪು ಮೊಟ್ಟೆ ತುರುಕಿದಳು.

"ನಾಳೆ ತಿನ್ನು. ಇವತ್ತಿನ್ನೂ ಉಪವಾಸ."

"ನನಗೆಂಥ ಉಪವಾಸ!" ಎಂದ. ಆದರೆ ಮೊಟ್ಟೆ ಒಡೆಯಲಿಲ್ಲ.

ಮುಸ್ಸಂಜೆಗೆ ಗಾಡಿ ಹೊರಟಿತು. ಕಲಿರೋಯಿ ಅಂಗಳದ ಮೋಟು ಗೋಡೆಯ ಬಳಿ ನಿಂತು ಎರಡು ಬೆಳಕಿನ ಚುಕ್ಕಿಗಳು ಬೆಟ್ಟ ಹತ್ತುವುದನ್ನೇ ನೋಡಿದಳು. ತಿರುವಿಗೊಮ್ಮೆ ಮರೆಯಾಗಿ, ತಿರುವಿಗೊಮ್ಮೆ ಮೊದಲಿನಷ್ಟೇ ಢಾಳಾಗಿ ಹೊರಬರುತ್ತಿದ್ದವು. ಇಪ್ಪತ್ತಮೂರನೆಯದು ದಾಟಿ ಸ್ವಲ್ಪ ಹೊತ್ತಿಗೆ ಪೆತ್ರಾನದ ಪುಟ್ಟ ಗಂಟೆ ಬಡಿಯಿತು. ಇಳಿದು ಬರುವಾಗಲೂ ಈ ಬೆಳಕೇ ಇರುತ್ತದೆ. ಅವಳು ಒಳಗೆ ಹೋಗಿ ಸಾರಿನ ಪಾತ್ರೆಯನ್ನು ಮತ್ತೆ ಒಲೆಗಿಟ್ಟಳು.